ಕಪ್ಪು-ಬೆಳ್ಳಿ ತೋಟದಿಂದ ಅಮ್ಮನನ್ನು ಹೊರಗಿಟ್ಟ ತಜ್ಞರಿಗೆ

ಮಾನ್ಯ ಉದ್ಯಾನ ವಿನ್ಯಾಸಕಾರರೇ,

ತಮ್ಮ ಅಮೂಲ್ಯ ಸಮಯಕ್ಕೆ ಅಡ್ಡಬರುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರಿ, ನಮ್ಮ ಅಂಗಳದ ಮಣ್ಣು ತಮ್ಮ ಬೂಟುಗಳಿಗೆ ಮತ್ತೆಂದೂ ಅಂಟದಿರಲಿ ಎಂದು ಹಾರೈಸುತ್ತಾ, ನಾಲ್ಕು ಜನ ಓದಲೆಂದೇ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆಯ ಮುಂದಿದ್ದ ಕೆಂಪು ದಾಸವಾಳ, ಹಳದಿ ಚೆಂಡುಹೂಗಳನ್ನು ನೋಡಿ ತಾವು 'ಬಣ್ಣಗಳ ಗದ್ದಲ' ಎಂದು ಮೂಗು ಮುರಿದಾಗ, ಅದುವರೆಗೂ ಆ ಗದ್ದಲದ ನಡುವೆಯೇ ಹಾಯಾಗಿ ಪೇಪರ್ ಓದುತ್ತಿದ್ದ ನನಗೆ ನನ್ನ ಕಿವುಡುತನದ ಬಗ್ಗೆ ನಾಚಿಕೆಯಾಯಿತು. ಕಪ್ಪು ಮತ್ತು ಬೆಳ್ಳಿ, ಇವೆರಡೇ ಸುಸಂಸ್ಕೃತ ಬಣ್ಣಗಳೆಂದು ತಾವು ತೀರ್ಪಿತ್ತಿರಿ, ನನ್ನಾಕೆ ತಲೆದೂಗಿದಳು, ಅವಳ ಹಿಂದೆ ನನ್ನ ತಲೆಯೂ ತೂಗಿತು. ಕಪ್ಪು ಕೆಸು ಬಂತು, ಕಪ್ಪು ಹುಲ್ಲು ಬಂತು, ಮುಟ್ಟಿದರೆ ಉಣ್ಣೆಯಂತೆ ಮೆತ್ತಗಿರುವ ಬೆಳ್ಳಿ ಎಲೆಯ ಗಿಡಗಳು ಬಂದವು. ಕಪ್ಪು ಮಣ್ಣಿನಲ್ಲಿ ಕಪ್ಪು ಹುಲ್ಲನ್ನು ನೆಟ್ಟು, ಅದು ಯಾರ ಕಣ್ಣಿಗೂ ಬೀಳದಂತೆ ನೋಡಿಕೊಂಡ ತಮ್ಮ ವಿನಯವನ್ನು ನಾನು ಇಂದಿಗೂ ಕೊಂಡಾಡುತ್ತೇನೆ.

ಆದರೆ ನಮ್ಮ ಅಮ್ಮನ ವಿಷಯವನ್ನು ತಮಗೆ ತಿಳಿಸದೆ ಹೋದದ್ದು ನಮ್ಮ ಅಚಾತುರ್ಯ. ಅವರು ಜೀವಮಾನವಿಡೀ ಆಸ್ಪತ್ರೆಯ ಗಾಯದ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ನಿವೃತ್ತರಾದ ಮೇಲೆ ಈ ಅಂಗಳವೇ ಅವರ ವಾರ್ಡು. ತಾವು ಆರಿಸಿ ತಂದ ಗಿಡಗಳನ್ನು ಒಂದು ಸುತ್ತು ನೋಡಿದವರೇ "ಅಯ್ಯೋ, ಎಲ್ಲಾನೂ ಕಾಯಿಲೆದೇ ತಂದು ಹಾಕಿದಾನಲ್ಲೋ" ಎಂದು ಮರುಗಿ, ಸೆರಗು ಸಿಕ್ಕಿಸಿಕೊಂಡು ಚಿಕಿತ್ಸೆಗೆ ಇಳಿದುಬಿಟ್ಟರು. ಬೆಳ್ಳಿ ಎಲೆಗಳ ಮೇಲಿರುವುದು ಬೂಷ್ಟೆಂದು ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ, ಒಂದೊಂದು ಎಲೆಯನ್ನೂ ಅಂಗೈ ಮೇಲಿಟ್ಟುಕೊಂಡು ಒರೆಸಿದರು. ಬೆಳ್ಳಿಯೆಲ್ಲ ಬಟ್ಟೆಗೆ ಹತ್ತಿ ಎಲೆ ಹಸಿರಾಯಿತು. ಕೆಸುವಿನ ಎಲೆಗಳು ಕೊಳೆತು ಕಪ್ಪಾಗಿವೆ, ಬಿಟ್ಟರೆ ಬುಡಕ್ಕೆ ಇಳಿಯುತ್ತದೆ ಎಂದು ಕತ್ತರಿಯನ್ನು ಕುದಿಸಿ, ಅಷ್ಟನ್ನೂ ಕತ್ತರಿಸಿ ಹಾಕಿದರು.

ಫೋಟೋ ತೆಗೆದು ಸ್ಪರ್ಧೆಗೆ ಕಳಿಸಲೆಂದು ಬಂದ ತಾವು ಆ ದೃಶ್ಯವನ್ನು ಕಂಡು, ಕೂಗಾಡದೆ, ಮಹಾನುಭಾವರಂತೆ ಒಂದೇ ಮಾತು ಹೇಳಿ ಹೋದಿರಿ: ಗಿಡ ಚೇತರಿಸಿಕೊಳ್ಳುವವರೆಗೆ ವಯಸ್ಸಾದವರನ್ನು ತೋಟದಿಂದ ದೂರ ಇಡತಕ್ಕದ್ದು. ನಾವು ಪಾಲಿಸಿದೆವು. ಅಂಗಳಕ್ಕೆ ತೆರೆಯುವ ಬಾಗಿಲಿಗೆ ಬೀಗ ಹಾಕಿದವನು ನಾನೇ. ಅಂದಿನಿಂದ ಅಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಊಟಕ್ಕೆ ಕರೆದರೆ ಬರುತ್ತಿದ್ದರು, ಕೇಳಿದ್ದಕ್ಕೆ ಹೂಂ ಎನ್ನುತ್ತಿದ್ದರು.

ಆದಕಾರಣ ತಮ್ಮಲ್ಲಿ ಕೆಲವು ಸಣ್ಣ ಮನವಿಗಳು. ಅಮ್ಮನ ಕೂದಲು ಹೇಗೂ ಬೆಳ್ಳಿಯಾಗಿದೆ. ಕಪ್ಪು ಸೀರೆಯೊಂದನ್ನು ಉಡಿಸಿದರೆ ಅವರನ್ನೂ ತಮ್ಮ ಯೋಜನೆಯಲ್ಲಿ ಒಂದು ಗಿಡವೆಂದು ಸೇರಿಸಿಕೊಳ್ಳಬಹುದೇ? ಸಾಧ್ಯವಾಗದಿದ್ದರೆ ಬಿಸಿಲಿಗೂ ಒಂದು ಆದೇಶ ಹೊರಡಿಸಿ, ಅದು ನಮ್ಮ ಗೇಟಿನೊಳಗೆ ಬರುವಾಗ ತನ್ನ ಹಳದಿಯನ್ನು ರಸ್ತೆಯಲ್ಲೇ ಬಿಟ್ಟು ಬರುವಂತೆ ಮಾಡಿರಿ. ಗಿಣಿಗಳಿಗೂ ತಿಳಿಹೇಳಿರಿ, ಅವು ಯಾರ ಮಾತನ್ನೂ ಕೇಳುತ್ತಿಲ್ಲ.

ಇಂದು ಬೆಳಿಗ್ಗೆ ನಾನು ತಮ್ಮ ಅಪ್ಪಣೆಯಿಲ್ಲದೆ ಬೀಗ ತೆಗೆದೆ. ಅಮ್ಮ ಚಪ್ಪಲಿಯನ್ನೂ ಮೆಟ್ಟದೆ ಸೀದಾ ಕೆಸುವಿನ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತರು. ಕತ್ತರಿಸಿದ ಬುಡದಿಂದ ಒಂದು ಹಸಿರು ಸುರುಳಿ ಮೇಲೆದ್ದಿತ್ತು. "ಬದುಕಿಕೊಳ್ತು ಕಣೋ ಇದು" ಎಂದರು. ಎಷ್ಟೋ ದಿನಗಳ ಮೇಲೆ ಅವರು ತಾವಾಗಿಯೇ ಆಡಿದ ಮಾತು ಅದು.

ಇನ್ನು ಮುಂದೆ ತಮಗೆ ಯಾವ ತೊಂದರೆಯನ್ನೂ ಕೊಡಬಯಸದ,
ತಮ್ಮ ವಿಶ್ವಾಸಿ,
ಬೀಗ ತೆಗೆದ ಮಗ

ಮರೆತ ಮಾತು: ಕಪ್ಪು ಕೆಸುವಿನ ಚಿಗುರು ಮೊದಲು ಹಸಿರಾಗಿದ್ದು ಆಮೇಲೆ ಕಪ್ಪಾಗುವುದೇ ಅದರ ಗುಣವೆಂದು ನರ್ಸರಿಯಾತ ಹೇಳಿದ. ಇದನ್ನು ನಾನು ಅಮ್ಮನಿಗೆ ತಿಳಿಸಿಲ್ಲ, ತಿಳಿಸುವುದೂ ಇಲ್ಲ. ಗುಣವಾಗಲು ಎಂದೂ ಒಪ್ಪದ ರೋಗಿಯೊಂದನ್ನು ಅವರಿಗೆ ಆರಿಸಿ ಕೊಟ್ಟಿದ್ದೀರಿ. ತಮ್ಮ ಆಯ್ಕೆಗಳಲ್ಲಿ ಇದೊಂದು ಮಾತ್ರ ನಿಜಕ್ಕೂ ಚೆನ್ನಾಗಿದೆ.