ತೊಟ್ಟಿಲಲ್ಲಿ ಉಸಿರಾಡಿದ ಡಬ್ಬಿ

ಗಾಳಿಯಲ್ಲಿ ವಿಷ ಎಷ್ಟಿದ್ದರೆ ಮನುಷ್ಯ ಅದನ್ನೇ ಉಸಿರಾಡಿಕೊಂಡು ನಲವತ್ತು ವರ್ಷ ದುಡಿಯಬಹುದು? ಇದಕ್ಕೊಂದು ಮಿತಿ ಹಾಕುವ ಸಮಿತಿಗೆ ಗಾಳಿ ಅಳೆದು ಕೊಡುವುದೇ ನಿವೃತ್ತನಾಗುವವರೆಗೆ ನನ್ನ ಕೆಲಸ. ಕಣ್ಣಿಗೆ ಕಾಣದ್ದನ್ನು ಅಳೆಯಲು ಹೊರಟವನಿಗೆ ಕಾಣಬಾರದ್ದೆಲ್ಲ ಎದುರಾಗುತ್ತಲೇ ಇರುತ್ತದೆ, ಏನು ಮಾಡುವುದು! ದೊಡ್ಡೇರಿ ಕಡೆಯ ಒಂದೇ ಕಾರ್ಖಾನೆಯ ಸಂಗತಿ ಹೇಳುತ್ತೇನೆ, ಸಾಕು.

೧. ನೊಣವಿಲ್ಲದ ತಿಂಡಿ

ಹಳೇ ಬ್ಯಾಟರಿ ಕರಗಿಸಿ ಸೀಸ ತೆಗೆಯುವ ಕಾರ್ಖಾನೆ ಅದು. ಬೆಳಿಗ್ಗೆ ಗೇಟಿನೊಳಗೆ ಕಾಲಿಟ್ಟಾಗ ಏನೋ ಕಮ್ಮಿ ಅನ್ನಿಸಿತು. ಏನೆಂದು ಹೊಳೆಯಲು ಹತ್ತು ನಿಮಿಷ ಬೇಕಾಯಿತು. ಗುಬ್ಬಿ ಇಲ್ಲ, ಕಾಗೆ ಇಲ್ಲ, ಹುಣಸೇಮರದ ಬುಡದಲ್ಲಿ ಒಂದು ಇರುವೆಯೂ ಇಲ್ಲ. ಅಂಥ ಮೌನ ನಾನು ಸ್ಮಶಾನದಲ್ಲೂ ಕೇಳಿರಲಿಲ್ಲ.

ಮ್ಯಾನೇಜರು ತುಪ್ಪ ಸೋರುವ ಕೇಸರಿಬಾತು ಮುಂದಿಟ್ಟು ಹೆಮ್ಮೆಯಿಂದ, “ನಮ್ಮ ಕ್ಲೀನು ನೋಡಿ ಸಾರ್! ಆರು ವರ್ಷದಿಂದ ಇಲ್ಲಿ ಒಂದು ನೊಣ ಕೂತದ್ದು ನಾನು ಕಂಡಿಲ್ಲ” ಎಂದರು.

ನಾನು ಚಮಚ ಕೆಳಗಿಟ್ಟೆ. ಶನಿವಾರ, ಉಪವಾಸ ಎಂದೆ. ಅವತ್ತು ಬುಧವಾರ.

೨. ಉಸಿರು ಕುಡಿಯುವ ಡಬ್ಬಿ

ಅಲ್ಲಿನ ಕಾವಲುಗಾರ ಮೊದಲು ಕುರಿ ಕಾಯುತ್ತಿದ್ದವನು. ಹೆಂಡತಿಯೊಂದಿಗೆ ಚಿಮಣಿ ಹಿಂದಿನ ಶೀಟಿನ ಮನೆಯಲ್ಲೇ ವಾಸ. ಕೊರಟಗೆರೆ ಆಸ್ಪತ್ರೆಯಲ್ಲಿ ಮಗಳಿಗೆ ಗಂಡುಮಗು ಹುಟ್ಟಿತ್ತು. ಬರುವ ವಾರ ಬಾಣಂತಿ, ಕೂಸು ಇಬ್ಬರೂ ಈ ಮನೆಗೇ ಬರುವವರು. ತೊಟ್ಟಿಲು ಆಗಲೇ ತೂಗುಹಾಕಿದ್ದರು.

ಸೀಸ ಕರಗಿಸುವ ಒಲೆ ಮುಂದೆ ದುಡಿಯುವವನ ಅಂಗಿಗೊಂದು, ಕಾವಲುಗಾರನ ಅಂಗಿಗೊಂದು ಪುಟ್ಟ ಪಂಪಿನ ಡಬ್ಬಿ ಸಿಕ್ಕಿಸಿದೆ. ಅದು ಗುರ್ರ್ ಎಂದು ಗಾಳಿ ಎಳೆದು, ಅದರೊಳಗಿನ ಸೀಸವನ್ನು ಕಾಗದದ ಬಿಲ್ಲೆಯ ಮೇಲೆ ಹಿಡಿದಿಡುತ್ತದೆ. ಕಾವಲುಗಾರನ ಹೆಂಡತಿ ದೂರ ನಿಂತು ಕೇಳಿದಳು:

“ಇದ್ಯಾಕ್ ಸಾರ್ ಇಂಗೆ ಉಸಿರಾಡ್ತದೆ?”

“ಅವನು ಉಸಿರಾಡೋ ಗಾಳಿಯನ್ನೇ ಇದೂ ಎಳೀತದಮ್ಮ.”

“ಅಯ್ಯೋ! ಇವ್ರು ಪಡ್ಕಂಡ್ ಬಂದಿರೋ ಉಸಿರ್ನ ಇದೇ ಕುಡ್ಕಂಡ್ಬುಟ್ರೆ?”

“ಸುಮ್ಕಿರಮ್ಮಿ, ಎಂಟ್ ಗಂಟೆ ತಾನೆ” ಎಂದ ಗಂಡ.

“ಎಂಟೇ ಯಾಕ್ ಸಾರ್?”

“ಮಿತಿ ಇರೋದು ದಿನಕ್ಕೆ ಎಂಟು ಗಂಟೆ ದುಡಿಯೋನಿಗೆ. ಮಿಕ್ಕ ಹೊತ್ತು ಒಳ್ಳೇ ಗಾಳಿಯಲ್ಲಿರ್ತಾನೆ ಅಂತ ಲೆಕ್ಕ.”

“ನಾವ್ ಮಲಗೋದೂ ಇಲ್ಲೇ ಕಣ್ ಸಾರ್. ಮಿಕ್ಕಿದ್ ಹೊತ್ತು ಉಸಿರು ಕಟ್ಕಂಡಿರ್ಬೇಕಾ?”

ಉತ್ತರ ಮ್ಯಾನೇಜರ ಬಳಿ ಸಿದ್ಧವಿತ್ತು: “ಡ್ಯೂಟಿ ಮುಗಿದ ಮೇಲೆ ಉಸಿರಾಡಿದರೆ ಅದು ಅವರವರ ಸ್ವಂತ ವಿಚಾರ.”

೩. ದೊಡ್ಡ ಮಗ

ಉಪವಾಸ ಮುರಿಯಲು ನಾನು ಮಧುಗಿರಿಗೆ ಹೋದದ್ದೇ ತಪ್ಪಾಯಿತು. ಸಂಜೆ ಡಬ್ಬಿಗಳನ್ನು ತಂದು ಲ್ಯಾಬಿಗೆ ಕೊಟ್ಟರೆ, ಒಲೆಯವನ ಅಂಕಿ ಮಿತಿಯೊಳಗಿದೆ, ಗೇಟಿನಲ್ಲಿ ಕೂತವನದು ಮಿತಿ ದಾಟಿ ಎಲ್ಲಿಗೋ ಹೋಗಿದೆ!

“ಸಾರ್, ಈ ಮನುಷ್ಯ ಒಲೆಯೊಳಗೇ ಕೂತಿದ್ದನಾ?” ಎಂದ ಲ್ಯಾಬಿನವನು.

ಮತ್ತೆ ಕಾರ್ಖಾನೆಗೆ ಓಡಿದೆ. ಕಾವಲುಗಾರನ ಹೆಂಡತಿ ಸೆರಗು ಹಿಡಿದು ಒಪ್ಪಿಕೊಂಡಳು: “ಬೈಬ್ಯಾಡಿ ಸಾರ್. ನೀವ್ ಅತ್ಲಾಗೆ ಹೋಗ್ತಿದ್ದಂಗೆ ಇವ್ರ ಎದೆಯಿಂದ ಬಿಚ್ಬುಟ್ಟೆ. ತೊಟ್ಲು ಖಾಲಿ ಬುಡಬಾರ್ದಲ್ವಾ? ಕೂಸಿಗ್ ಮುಂಚೆ ಮಲಗ್ಸೋ ಗುಂಡುಕಲ್ಲು ಇನ್ನೂ ತಂದಿರ್ಲಿಲ್ಲ. ಇದನ್ನೇ ಮಲಗಿಸ್ದೆ. ಗುರ್ ಅಂತಿತ್ತು, ಪಾಪ, ಸಂಜೆ ನೀವ್ ಬರೋಗಂಟ ತೂಗಿ, ತಿರ್ಗಾ ಅಂಗಿಗೆ ಸಿಕ್ಕಿಸ್ದೆ. ಜೋಗುಳನೂ ಹಾಡ್ದೆ.”

ಇನ್ನೂ ಬಾರದ ಕೂಸಿನ ಪಾಲಿನ ಗಾಳಿಯನ್ನು ಆ ಡಬ್ಬಿ ದಿನವಿಡೀ ಉಸಿರಾಡಿತ್ತು. ತಲೆಯೆತ್ತಿ ನೋಡಿದೆ. ಗಿಡ್ಡ ಚಿಮಣಿಯ ಹೊಗೆ ಶೀಟಿನ ಸಂದಿಯಿಂದ ನೂಲಿನ ಹಾಗೆ ತೊಟ್ಟಿಲಿಗೇ ಇಳಿಯುತ್ತಿತ್ತು.

ಮ್ಯಾನೇಜರು ಒಪ್ಪಲಿಲ್ಲ. “ಮಿತಿ ಕೆಲಸಗಾರರಿಗೆ ಸಾರ್, ತೊಟ್ಟಿಲಿಗಲ್ಲ. ಗಾಳಿ ಚೆನ್ನಾಗೇ ಇದೆ.”

“ಅಂಗಾದ್ರೆ ನಿಮ್ ಮೊಮ್ಮಗೂನೂ ಕರ್ಕಬನ್ನಿ. ಇಬ್ರನ್ನೂ ಒಂದೇ ತೊಟ್ಲಲ್ಲಿ ತೂಗ್ತೀನಿ” ಎಂದಳು ಆಕೆ.

ಮ್ಯಾನೇಜರ ಕರ್ಚೀಫು ತಾನಾಗಿ ಮೂಗಿಗೆ ಹೋಯಿತು. ಅವತ್ತೇ ದೊಡ್ಡೇರಿ ಊರೊಳಗೆ ಆ ಸಂಸಾರಕ್ಕೊಂದು ಮನೆ ಗೊತ್ತಾಯಿತು. ನಾನು ಸಮಿತಿಗೆ ಬರೆದೆ: ಅಲ್ಲೇ ವಾಸಿಸುವವರಿಗೆ, ಕೂಸುಗಳಿಗೆ, ಇಪ್ಪತ್ನಾಲ್ಕು ಗಂಟೆಯ ಬೇರೆ ಮಿತಿ ಬೇಕು.

ನಾಮಕರಣಕ್ಕೆ ನನ್ನನ್ನು ಕರೆದರು, ಡಬ್ಬಿಯನ್ನೂ ಕರೆದರು. “ಮೊದ್ಲು ಅದನ್ನ ಮಲಗಿಸಿ ಸಾರ್. ಈ ತೊಟ್ಲಿಗೆ ಅದೇ ದೊಡ್ ಮಗ.” ಮಲಗಿಸಿದೆ. ಪಕ್ಕದಲ್ಲಿ ಕೂಸನ್ನಿಟ್ಟು ಅಜ್ಜಿ ತೂಗಿದಳು.

ಗುರ್ರ್... ಗುರ್ರ್...

ಬೆಚ್ಚಿ ಜೇಬು ತಡಕಿದೆ. ಡಬ್ಬಿಯ ಬ್ಯಾಟರಿ ನನ್ನ ಜೇಬಿನಲ್ಲೇ ಇತ್ತು.

“ಯಾಕ್ ಸಾರ್ ಗಾಬ್ರಿ?” ಅಂದಳು ಅಜ್ಜಿ. “ತಮ್ಮ ಬಂದ ಅಂತ ನಗ್ತಾ ಅದೆ, ಬುಡಿ.”