ಮಡಕಶಿರಕ್ಕೆ ಹೋದ ಒಂಬತ್ತನೇ ಅಧ್ಯಾಯ

ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದರೆ ರಾಯದುರ್ಗದ ಕಟಿಂಗ್ ಮಾಸ್ಟರ್ ಆದಿನಾರಾಯಣ ಕತ್ತರಿ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದ. ಮಗಳು ಸೌಜನ್ಯ ಅನಂತಪುರದ ಹಾಸ್ಟೆಲಿಗೆ ಹೊರಡುವಾಗ ತನ್ನ ಹಳೆಯ ಲ್ಯಾಪ್‌ಟಾಪನ್ನು ಮನೆಯಲ್ಲೇ ಬಿಟ್ಟು, "ಅಪ್ಪಾ, ಇದ್ರಾಗ ಪಟ್ಟಿ, ಲೆಕ್ಕ ಬರಿಯೋ ಲಿಬ್ರೆ ಆಫೀಸ್ ಹಾಕೀನಿ. ಅದೂ ಪುಕ್ಕಟೆ. ಕಲಿಯಾಕ ಕನ್ನಡದಾಗ ವಿಡಿಯೊ ಅದಾವ, ಪುಕ್ಕಟೆ. ಪುಸ್ತಕನೂ ಪುಕ್ಕಟೆ" ಎಂದಳು. ಒಂದೇ ಉಸಿರಿನಲ್ಲಿ ಮೂರು ಸಲ ಪುಕ್ಕಟೆ! ಆದಿನಾರಾಯಣನ ಕಣ್ಣು ತೇವವಾಯಿತು. (ಮಗಳು ಊರು ಬಿಡುತ್ತಿರುವುದಕ್ಕೆ ಎಂದು ಹೆಂಡತಿ ಬನಶಂಕರಮ್ಮ ತಿಳಿದಳು. ಅದೂ ಸ್ವಲ್ಪ ಇತ್ತು ಅನ್ನಿ.)

ಆ ಲ್ಯಾಪ್‌ಟಾಪು ಮೂರು ತಿಂಗಳು ಬಟ್ಟೆಯ ಗವುಸು ಹೊದ್ದು ಮಲಗಿತ್ತು. ಅದನ್ನು ಎಬ್ಬಿಸಿದವರು ಶಾಲೆಯ ನೇತ್ರಾ ಟೀಚರು. ನೂರ ಎಂಬತ್ತಾರು ಮಕ್ಕಳ ಯೂನಿಫಾರ್ಮ್ ಹೊಲಿಯುವ ಕೆಲಸ ಆದಿನಾರಾಯಣನಿಗೇ ಎಂದರು. ಆದರೆ ಒಂದು ಷರತ್ತು ಹಾಕಿದರು.

"ಮಾಸ್ಟ್ರೇ, ಹೋದ ವರ್ಷ ಹೊಲಿದೋರು ಕೈಬರಹದಾಗ ಪಟ್ಟಿ ಕೊಟ್ಟು, ಮೂರನೇ ಕ್ಲಾಸಿನ ಹುಡುಗ ಏಳನೇ ಕ್ಲಾಸಿನ ಪ್ಯಾಂಟಿನಾಗ ಮುಳುಗಿ ಹೋದ್ನ್ರಿ. ಈ ಸಲ ಕಂಪ್ಯೂಟರ್ ಪಟ್ಟಿ ಬೇಕು. ಕ್ಲಾಸು, ಹೆಸರು, ಅಳತಿ ಎಲ್ಲಾ ಸಾಲಾಗಿ ಇರಬೇಕು. ಎಲ್ಲಾರ ಹೆಸರು, ಅಳತಿ ಬರಕೊಂಡ ನೋಟ್‌ಬುಕ್ ಇಲ್ಲೈತಿ, ತಗೋರಿ. ಬರೋ ಸೋಮವಾರ ಸಂಜಿಗೆ ಬಂದು ನೋಡ್ತೀನಿ. ಇಲ್ಲಾಂದ್ರ ನಮ್ಮ ಹೆಡ್ ಮೇಡಂ ಬಳ್ಳಾರಿ ಅಂಗಡಿಗೆ ಕೊಡ್ರಿ ಅಂದಾರ."

"ಸೋಮವಾರ ಯಾಕ್ರಿ ಮೇಡಂ? ಕಂಪ್ಯೂಟರ್ ನಮ್ಮ ಮನ್ಯಾಗ ಐತ್ರಿ!" ಎಂದ ಆದಿನಾರಾಯಣ, ಒಳಗೆ ವಿಮಾನವೇ ನಿಂತಿದೆ ಎನ್ನುವ ಧಾಟಿಯಲ್ಲಿ.

ಆ ಕೆಲಸ ಸಿಕ್ಕರೆ ಮನೆಯ ಮುಂದಿನ ಕೋಣೆಯ ಎರಡು ಮಿಷನ್ನುಗಳಿಗೂ ನಾಲ್ಕು ತಿಂಗಳು ಬಿಡುವಿರುವುದಿಲ್ಲ. ಸಿಗದಿದ್ದರೆ ಜೀನ್ಸ್ ಫ್ಯಾಕ್ಟರಿಯ ಜಿಪ್ಪು ಕೂರಿಸುವ ಕೂಲಿಯೇ ಗತಿ. ಕಟಿಂಗ್ ಮಾಸ್ಟರ್ ಆಗಿ ಮೂವತ್ತು ವರ್ಷ ಕಳೆದವನಿಗೆ ಜಿಪ್ಪು ಕೂರಿಸುವುದೆಂದರೆ ಅವಮಾನ. ಝೆರಾಕ್ಸ್ ಅಂಗಡಿಯ ಗೋವರ್ಧನ್ "ನಾನೇ ಟೈಪ್ ಮಾಡಿಕೊಡ್ತೀನಿ ಬಿಡ್ರಿ, ನಿಮ್ಮ ಕೈಲಿ ಆಗಂಗಿಲ್ಲ" ಎಂದಾಗಂತೂ ಆದಿನಾರಾಯಣನ ರೋಷ ನೆತ್ತಿಗೇರಿತು. ಆ ಪುಕ್ಕಟೆ ಪುಸ್ತಕವನ್ನು ಅದೇ ಗೋವರ್ಧನನ ಕೈಯಲ್ಲಿ ಮುನ್ನೂರು ಹಾಳೆ ಪ್ರಿಂಟ್ ಹಾಕಿಸಿದ. ಬದಲಿಗೆ ಅವನಿಗೆ ಎರಡು ಪ್ಯಾಂಟು ಹೊಲಿದು ಕೊಡುವ ಒಪ್ಪಂದವಾಯಿತು. (ಪುಕ್ಕಟೆ ಪುಸ್ತಕ ಎರಡು ಪ್ಯಾಂಟಿಗೆ ಬಿತ್ತು ಎಂದು ಯಾರೂ ಅವನಿಗೆ ನೆನಪಿಸಬೇಡಿ.)

ಅಧ್ಯಯನ ಆರಂಭವಾಯಿತು. ಮುನ್ನುಡಿಯಲ್ಲಿ ಪುಸ್ತಕಕ್ಕೆ ದುಡಿದವರ ಹೆಸರುಗಳಿದ್ದವು. ಪುಕ್ಕಟೆ ಕೊಟ್ಟ ಪುಣ್ಯಾತ್ಮರನ್ನು ಹಾರಿಸಿ ಹೋಗುವುದು ಮರ್ಯಾದೆಯಲ್ಲವೆಂದು ಅವನು ಎಲ್ಲ ಹೆಸರನ್ನೂ ಗಟ್ಟಿಯಾಗಿ ಓದಿದ. ಎರಡು ದಿನ ಅದಕ್ಕೇ ಹೋಯಿತು. ಮೂರನೇ ದಿನ ವಿಡಿಯೊ ಹಚ್ಚಿದ. ಅದರಲ್ಲಿ ಒಬ್ಬಾಕೆ ಇಂಪಾದ ದನಿಯಲ್ಲಿ, "ಈಗ ವಿಡಿಯೊ ನಿಲ್ಲಿಸಿ, ನೀವೂ ಮಾಡಿ ನೋಡಿ" ಎನ್ನುತ್ತಿದ್ದಳು. ಆದಿನಾರಾಯಣ ಒಮ್ಮೆಯೂ ನಿಲ್ಲಿಸಲಿಲ್ಲ, ಮಾಡಲೂ ಇಲ್ಲ. ಒಂದನೇ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಏಳು ಸಲ ಕೇಳಿದ.

"ಒಂದ್ ಎಸ್ರಾದ್ರೂ ಒಡೀರಿ ಅತ್ಲಾಗೆ" ಎಂದಳು ಬನಶಂಕರಮ್ಮ, ಮಿಷನ್ನಿನ ಮುಂದೆ ಕೂತು ಯಾರದೋ ರವಿಕೆಯ ಹೊಲಿಗೆ ಬಿಚ್ಚುತ್ತ. ಅವಳು ಮಡಕಶಿರದ ಕಡೆಯ ಹೆಣ್ಣು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷವಾದರೂ ಮಾತು ಮಾತ್ರ ತೌರಲ್ಲೇ ಉಳಿದಿತ್ತು; 'ಹೆಸರು' ಅವಳ ಬಾಯಲ್ಲಿ 'ಎಸ್ರು', 'ಹೊಡಿ' ಎಂಬುದು 'ಒಡಿ'.

"ಪೂರಾ ಕಟಿಂಗ್ ತಲ್ಯಾಗ ಕುಂಡ್ರೋತನಕ ಬಟ್ಟಿ ಮುಟ್ಟಬಾರ್ದು. ಒಮ್ಮೆ ಕತ್ರಿ ಹಾಕಿದ್ರ ಮುಗೀತು. ತಿಳಕೊ."

"ಇದು ಬಟ್ಟೆ ಅಲ್ಲ ಕಣ್ರೀ."

"ನಿನಗೇನ್ ಗೊತ್ತೈತಿ ಸುಮ್ನಿರು" ಎಂದು ಅವನು ಊಟ ಮಾಡಿ ಮಲಗಿದ. ಮಧ್ಯಾಹ್ನದ ಎರಡು ತಾಸಿನ ನಿದ್ದೆಯನ್ನು ಅವನು ಯಾವ ವಿದ್ಯೆಗೂ ಬಿಟ್ಟುಕೊಟ್ಟವನಲ್ಲ.

ಶನಿವಾರ ಬಂತು. ಹೆಸರುಗಳನ್ನು ಹೇಗೆಂದರೆ ಹಾಗೆ ಬರೆದರೂ ಕಂಪ್ಯೂಟರೇ ಒಂದು ಏಟಿಗೆ ಕ್ಲಾಸಿನ ಪ್ರಕಾರ, ಅಕ್ಷರದ ಪ್ರಕಾರ ಜೋಡಿಸುತ್ತದಂತೆ. ಆ ಮಂತ್ರ ಒಂಬತ್ತನೇ ಅಧ್ಯಾಯದಲ್ಲಿದೆ ಎಂದು ಪರಿವಿಡಿ ಹೇಳುತ್ತಿತ್ತು. ಆದಿನಾರಾಯಣ ಹಾಳೆ ತಿರುವಿದ. ಎಂಟು ಮುಗಿದ ಕೂಡಲೇ ಹತ್ತು ಶುರುವಾಗಿತ್ತು.

"ಏ ಬನಶಂಕ್ರಿ! ಒಂಬತ್ತನೇ ಅಧ್ಯಾಯ ಎಲ್ಲೈತಿ?"

ಅವಳು ಸೂಜಿಯ ತುದಿಯಿಂದ ಗೋಡೆ ತೋರಿಸಿದಳು. ಮೊಳೆಗೆ ರವಿಕೆಗಳ ಪೇಪರ್ ಕಟಿಂಗ್, ಅಂದರೆ ಬಟ್ಟೆಯ ಮೇಲಿಟ್ಟು ಕತ್ತರಿಸುವ ಕಾಗದದ ಅಚ್ಚುಗಳು, ತೂಗುತ್ತಿದ್ದವು. ಬೆನ್ನು, ತೋಳು, ಕೊರಳು, ಎಲ್ಲವೂ ಬೆಳ್ಳಗೆ ಹೊಳೆಯುತ್ತಿದ್ದವು.

"ಈಗ ಯಾರ್ ಮನೇಲಿ ಪೇಪರ್ ತರುಸ್ತಾರೆ ಏಳಿ? ಎಲ್ಲಾ ಫೋನಾಗೇ ಓದ್ತಾರೆ. ಮದ್ವೆ ರವಿಕೆ ಒಂಬತ್ತು ಬಂದಿದ್ವು. ಈ ಆಳೆ ದಪ್ಪಗಿದ್ವು, ಮೈದಾ ಅಂಟ್ನಾಗೆ ಜೋಡ್ಸಿ ಕತ್ರಿಸ್ದೆ."

ಆದಿನಾರಾಯಣ ಒಂದೊಂದನ್ನೇ ಇಳಿಸಿ ಓದಿದ. ಗಿರಾಕಿ ಸುಂಕಲಮ್ಮನ ಬೆನ್ನಿನ ಮೇಲೆ 'ಮೊದಲು ಪೂರ್ತಿ ಪಟ್ಟಿಯನ್ನು ಆಯ್ದುಕೊಳ್ಳಿ, ನಂತರ' ಎಂದಿತ್ತು. ನಂತರದ್ದು ಕೊರಳಿನ ದುಂಡಿನಲ್ಲಿ ಹೋಗಿತ್ತು. ಮಂತ್ರದ ಉಳಿದರ್ಧ ಇರಬೇಕಾದ ತೋಳು ಎಲ್ಲೂ ಇರಲಿಲ್ಲ.

"ಅದಾ? ನಮ್ಮ ಉಜ್ಜಿನಿಗೆ ಬುಗ್ಗೆಯಂಗೆ ಉಬ್ಬೋ ಬಫ್ ತೋಳಿನ ಕಟಿಂಗ್ ಬೇಕಾಗಿತ್ತು. ಗುರುವಾರ ಬಸ್ಸಾಗೆ ಮಡಕಶಿರಕ್ಕೆ ಕಳಿಸ್ದೆ."

"ನನ್ನ ಅಧ್ಯಾಯನ ನಿನ್ನ ತಂಗಿ ತೋಳಿಗೆ ಕೊಟ್ಟೀ?"

"ಓಗಿ ಇಸ್ಕಂಡು ಬರ್ರಿ. ನಾಳೆ ಮೊದ್ಲ್ನೇ ಬಸ್ಸಿಗೇ ಓಗಿ" ಎಂದಳು ಬನಶಂಕರಮ್ಮ. ಅವಳು ಅಷ್ಟು ಸುಲಭವಾಗಿ ಒಪ್ಪಿದ್ದು ಅವನಿಗೆ ವಿಚಿತ್ರವೆನಿಸಬೇಕಿತ್ತು. ಎನಿಸಲಿಲ್ಲ.

ಭಾನುವಾರ ಅವನು ಎರಡು ಬಸ್ಸು ಬದಲಿಸಿ, ಒಂದರಲ್ಲಿ ಕುರಿಮರಿಯೊಂದನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಡಕಶಿರ ಸೇರಿದ. ನಾದಿನಿ ಉಜ್ಜಿನಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮುದ್ದೆ, ಹುರುಳಿ ಸಾರು ಬಡಿಸಿ ಮತ್ತೆ ನಕ್ಕಳು. ಕೊನೆಗೆ ತೋಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, "ಜ್ವಾಪಾನ ಬಾವಾ, ಮಡಚಬ್ಯಾಡ್ರಿ" ಎಂದು ಕಳಿಸಿದಳು. ಇಡೀ ದಾರಿ ಅವನು ಅದನ್ನು ಎದೆಗೆ ಅವುಚಿಕೊಂಡೇ ಬಂದ.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದರೆ ಬನಶಂಕರಮ್ಮ ಅವನ ಕುರ್ಚಿಯಲ್ಲಿ ಕೂತಿದ್ದಳು. ಪರದೆಯ ಮೇಲೆ ಒಂದನೇ ತರಗತಿಯಿಂದ ಹತ್ತನೇ ತರಗತಿಯವರೆಗೆ ಮಕ್ಕಳೆಲ್ಲ ಪ್ರಾರ್ಥನೆಗೆ ನಿಂತ ಹಾಗೆ ಸಾಲಾಗಿದ್ದರು.

"ನೀನು... ಹೆಂಗ?"

"ವಿಡಿಯೊದಾಗೆ ಆಯಮ್ಮ ನಿಲ್ಸಿ ಮಾಡಿ ನೋಡಿ ಅಂತಿರ್ಲಿಲ್ವಾ? ನೀವ್ ಮಲಗ್ದಾಗ ನಿಲ್ಸಿ ಮಾಡ್ದೆ. ದಿನಕ್ಕೆ ನಲವತ್ತೋ ನಲವತ್ತೈದೋ ಎಸ್ರು. ಜೋಡ್ಸೋದ್ ಇವತ್ತು ಓದ್ಕಂಡೆ."

"ಒಂಬತ್ತನೇ ಅಧ್ಯಾಯ ನನ್ನ ಕೈಯಾಗ ಐತಲ್ಲ!"

"ಪುಸ್ತಕ ಈ ಲ್ಯಾಪ್‌ಟಾಪಾಗೇ ಐತಲ್ರೀ. ಇದ್ರಾಗಿಂದಾನೇ ಅಲ್ವಾ ಪ್ರಿಂಟ್ ಆಕ್ಸಿದ್ದು?"

ಆದಿನಾರಾಯಣ ಕವರಿನೊಳಗಿನ ತೋಳನ್ನು ನೋಡಿದ. "ಮತ್ತ ನಿನ್ನೆ ಯಾಕ ಹೇಳ್ಲಿಲ್ಲ?"

"ಏಳಿದ್ರೆ ನೀವು ಕುರ್ಚಿ ಬಿಟ್ಟು ಏಳ್ತಿದ್ರಾ?"

ಸೋಮವಾರ ಸಂಜೆ ನೇತ್ರಾ ಟೀಚರು ಬಂದು ಲ್ಯಾಪ್‌ಟಾಪಿನ ಮುಂದೆ ಕೂತರು. ನೋಡಿ ಹಿಗ್ಗಿದರು. "ಭಾಳ ಚಂದ ಆಗೇತ್ರಿ. ಯಾರು ಮಾಡಿದ್ದು?"

"ಮನ್ಯಾಗೇ ಮಾಡಿದ್ದು ನೋಡ್ರಿ" ಎಂದ ಆದಿನಾರಾಯಣ, ಮೀಸೆಯ ಮೇಲೆ ಕೈಯಾಡಿಸಿ. (ಸುಳ್ಳೇನೂ ಹೇಳಲಿಲ್ಲ.) ಬನಶಂಕರಮ್ಮ ಇಬ್ಬರಿಗೂ ಕಾಫಿ ಕೊಟ್ಟಳು.

"ಒಂದನೇ ಕ್ಲಾಸು. ಅನೂಪ್... ಆದಿನಾರಾಯಣ... ಈಶ್ವರ್..." ಟೀಚರು ತಡೆದರು. "ಮಾಸ್ಟ್ರೇ, ನಮ್ಮ ಒಂದನೇ ಕ್ಲಾಸಿನಾಗ ಆದಿನಾರಾಯಣ ಅನ್ನೋ ಹುಡುಗ ಇಲ್ರಿ. ಅದೂ ಸೊಂಟ ನಲವತ್ತೊಂದು ಇಂಚು!"

ತನ್ನ ಸೊಂಟ ಮೂವತ್ತಾರೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ ಆದಿನಾರಾಯಣನ ಬಾಯಲ್ಲಿದ್ದ ಕಾಫಿ ಅಲ್ಲೇ ನಿಂತಿತು.

"ಮೊದ್ಲು ಯಾರ್ದಾದ್ರೂ ಒಬ್ರ್ದು ಆಕಿ ನೋಡಿ ಅಂದ್ಲು ಆಯಮ್ಮ" ಎಂದಳು ಬನಶಂಕರಮ್ಮ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು. "ನಂಗೆ ಬಾಯಿಗ್ ಬರೋ ಅಳ್ತೆ ಇವ್ರ್ದೇ ಅಲ್ವಾ, ಆಕ್ದೆ. ಅಳ್ಸೋದ್ ಮರ್ತೆ."

"ಒಂದನೇ ಕ್ಲಾಸ್ ಯಾಕ ಹಾಕಿದಿ?"

"ನೀವಿನ್ನೂ ಒಂದನೇ ಪಾಠದಾಗೇ ಇದ್ರಲ್ಲ."

ಟೀಚರು ನಗುನಗುತ್ತ, ಆ ಹುಡುಗನನ್ನು ತೆಗೆದು ನೂರ ಎಂಬತ್ತಾರೇ ಹೆಸರಿಟ್ಟು ನಾಳೆ ಪ್ರಿಂಟ್ ಕಳಿಸಿ, ಕೆಲಸ ನಿಮ್ಮದೇ ಎಂದು ಹೇಳಿ ಎದ್ದರು. ಬನಶಂಕರಮ್ಮ ಅಳಿಸಲು ಕೂತಳು.

"ತಡಿ" ಎಂದ ಆದಿನಾರಾಯಣ, ಅವಳ ಪಕ್ಕ ಸ್ಟೂಲು ಎಳೆದುಕೊಂಡು. "ಹೆಂಗಂತ ನನಗೂ ಹೇಳಿಕೊಡು."

ಅವಳು ಹೇಳಿದ ಹಾಗೆ ಒತ್ತಿದ. ಒಂದು ಸಾಲು ತಪ್ಪಿ, ಆದಿನಾರಾಯಣನ ಬದಲು ಈಶ್ವರ್ ಮಾಯವಾದ.

"ಅಯ್ಯೋ! ಕತ್ತರಿಸಿಬಿಟ್ನಲ್ಲೇ!"

"ಅದುಕ್ಯಾಕಂಗ್ ಬೆವರ್ತೀರಾ? ಕಂಟ್ರೋಲ್ ಇಡ್ಕಂಡು ಝಡ್ ಒತ್ರಿ. ಒಲಿಗೆ ಬಿಚ್ಚಿದಂಗೆ."

ಒತ್ತಿದ. ಈಶ್ವರ್ ಅಂಗಿ ಚಡ್ಡಿಯ ಅಳತೆಯ ಸಮೇತ ವಾಪಸು ಬಂದು ನಿಂತ. ಮೂವತ್ತು ವರ್ಷ ಕತ್ತರಿ ಹಿಡಿದು, ಪ್ರತಿ ಬಟ್ಟೆಯ ಮುಂದೂ ಉಸಿರು ಬಿಗಿಹಿಡಿದವನು ಆದಿನಾರಾಯಣ. ಕತ್ತರಿಸಿದ್ದು ಮತ್ತೆ ಕೂಡಿಕೊಳ್ಳುವುದನ್ನು ಅವನು ಜನ್ಮದಲ್ಲಿ ಮೊದಲ ಸಲ ಕಂಡ. ಹೆಂಡತಿಯ ಮುಖ ನೋಡಿದ. ಇವಳು ದಿನವೂ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುತ್ತ ತನಗಿಂತ ಮೊದಲೇ ಕಲಿತಿದ್ದು ಇದನ್ನೇ ಎಂದು ಹೊಳೆದು ಅವಳ ಮೇಲೆ ತುಂಬ ಪ್ರೀತಿ ಬಂತು. ಹೇಳಲು ನಾಚಿಕೆಯಾಯಿತು. ಅದಕ್ಕೇ ತನ್ನನ್ನು ತಾನೇ ಅಳಿಸಿದ, ವಾಪಸು ತಂದ. ಮತ್ತೆ ಅಳಿಸಿದ, ಮತ್ತೆ ತಂದ. ಪ್ರತಿ ಸಲವೂ ಮಗುವಿನ ಹಾಗೆ ನಕ್ಕ. ಊಟಕ್ಕೆ ಕರೆದಾಗಲೇ ಎದ್ದಿದ್ದು.

ಮರುದಿನ ಗೋವರ್ಧನನ ಅಂಗಡಿಯಲ್ಲಿ ಪ್ರಿಂಟಾಗಿ ಶಾಲೆಗೆ ಹೋದ ಪಟ್ಟಿಯಲ್ಲಿ ಒಟ್ಟು ನೂರ ಎಂಬತ್ತೇಳು ಮಕ್ಕಳಿದ್ದರು.