ಅಕ್ಕನ ಟಿವಿಗೆ ಸಂಬಂಧ ನೋಡಿದ ಮಾವ

ನನ್ನ ಸೋದರಮಾವನಿಗೆ ಟಿವಿ ಕಂಡರೆ ಆಗುವುದಿಲ್ಲ. ಆದರೂ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ತಾಲೂಕುಗಳಲ್ಲಿ ಅವರು ಕೂತು ನೋಡದ ಟಿವಿ ಒಂದೂ ಉಳಿದಿರಲಿಕ್ಕಿಲ್ಲ! ಇದು ಉತ್ಪ್ರೇಕ್ಷೆ ಎಂದು ನಿಮಗನ್ನಿಸಿದರೆ, ನಿಮ್ಮ ಮನೆಗೆ ಅವರಿನ್ನೂ ಬಂದಿಲ್ಲ ಎಂದಷ್ಟೇ ಅರ್ಥ. ಬಿಳಿ ಪಂಚೆ ಉಟ್ಟು, ಕಂಕುಳಲ್ಲಿ ಕೊಡೆ ಹಿಡಿದ ಒಬ್ಬರು ನಿಮ್ಮ ಚಾವಡಿಯಲ್ಲಿ ಕುಳಿತು, "ನಿಮ್ಮ ಟಿವಿಯ ಹಿಂದೆ ಸಿಕ್ಕಿಸಿದ್ದು ಯಾವುದು? ಅದರ ಗುಣ ಹೇಗೆ?" ಎಂದು ಕೇಳಿದರೆ ಹೆದರಬೇಡಿ. ಒಂದು ಲೋಟ ಚಾ ಕೊಟ್ಟು ನಿಜ ಹೇಳಿ ಕಳುಹಿಸಿ. ಸುಳ್ಳು ಹೇಳಿದಿರೋ, ಮತ್ತೆ ಬರುತ್ತಾರೆ!

ಮಾವ ಮೂಡುಬಿದಿರೆಯಲ್ಲಿ ಹೋಟೆಲು ನಡೆಸಿದವರು. ಈಗ ಗಲ್ಲಾದಲ್ಲಿ ಮಗ ಕೂರುತ್ತಾನೆ. ಮಾವ ಹೋಗುವುದು ಸಾಂಬಾರಿನ ರುಚಿ ನೋಡಿ ಮುಖ ಸಿಂಡರಿಸಲಿಕ್ಕೆ ಮಾತ್ರ. ಆದರೆ ಕುಟುಂಬದಲ್ಲಿ ಅವರ ಖ್ಯಾತಿ ಇರುವುದು ಬೇರೆಯೇ ಕೆಲಸಕ್ಕೆ. ಅಕ್ಕತಂಗಿಯರ ಹೆಣ್ಣುಮಕ್ಕಳಿಗೆಲ್ಲ ಸಂಬಂಧ ನೋಡಿದ್ದು ಅವರೇ. ನಮ್ಮಲ್ಲಿ ಸೋದರಮಾವ ಎಂದರೆ ಸುಮ್ಮನೆಯಾ? ಅಪ್ಪ ಒಪ್ಪಿ, ಅಮ್ಮ ಒಪ್ಪಿ, ಹುಡುಗಿಯೂ ಒಪ್ಪಿದ ಮೇಲೂ ಮಾವ "ನೋಡುವ" ಎಂದರೆ ಮದುವೆ ಅಲ್ಲಿಗೇ ನಿಂತಿತು. ಅವರ ಕ್ರಮ ಹೀಗೆ: ವರನ ಮನೆಗೆ ಕಡೆಗೆ ಹೋಗುವುದು. ಮೊದಲು ಹೋಗುವುದು ಅವನ ಊರಿನ ಚಾದಂಗಡಿಗೆ, ಕ್ಷೌರದಂಗಡಿಗೆ, ಆ ಮನೆಗೆ ಹಿಂದೆ ಹೆಣ್ಣು ಕೊಟ್ಟವರ ಮನೆಗೆ. ನನ್ನ ಗಂಡನ ಗುಣ ವಿಚಾರಿಸಲಿಕ್ಕೆ ಮಾವ ಒಂದೇ ವಾರದಲ್ಲಿ ಎರಡು ಸಲ ಕ್ಷೌರ ಮಾಡಿಸಿಕೊಂಡಿದ್ದರು! ಎರಡನೆಯ ಸಲ ಕತ್ತರಿಗೆ ಏನೂ ಸಿಕ್ಕಿರಲಿಲ್ಲವಂತೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆ ಇರುವುದು ಪಾಣೆಮಂಗಳೂರಿನಲ್ಲಿ. ಮಾವನ ಅಕ್ಕ, ಅಂದರೆ ನನ್ನ ಅಮ್ಮ, ನಮ್ಮ ಜೊತೆಗೇ ಇದ್ದಾರೆ. ಅಮ್ಮನಿಗೆ ಚಿನ್ನದ ಹುಚ್ಚಿಲ್ಲ, ಸೀರೆಯ ಹುಚ್ಚಿಲ್ಲ. ಇರುವ ಒಂದೇ ಹುಚ್ಚು ಕಂಬಳ. ಕೆಸರಿನಲ್ಲಿ ಕೋಣಗಳು ಓಡುವುದನ್ನು ಕಂಡರೆ ಅವರಿಗೆ ಊಟ ಬೇಡ, ಮಾತ್ರೆ ಬೇಡ. "ಎಡಗಡೆಯದ್ದಕ್ಕೆ ಇವತ್ತು ಮನಸ್ಸಿಲ್ಲ, ನೋಡು" ಎಂದು ಕೋಣದ ಮನಸ್ಸನ್ನು ಕೂತಲ್ಲಿಂದಲೇ ಓದುತ್ತಾರೆ. ಗಂಟುನೋವಿನಿಂದ ಗದ್ದೆಯ ಬದಿಗೆ ಹೋಗುವುದು ನಿಂತ ಮೇಲೆ ಟಿವಿಯೇ ಗತಿ. ಈಗ ಇಂಟರ್ನೆಟ್ಟಿನಲ್ಲಿ ಇಡೀ ಕಂಬಳ ನೇರ ಬರುತ್ತದಲ್ಲ!

ಬರುತ್ತದೆ, ಆದರೆ ನಮ್ಮ ಟಿವಿಗೆ ಬರಬೇಕಲ್ಲ? ಅದು ಹಳತಾಗಿ ನಿಧಾನವಾಗಿತ್ತು. ಕೇಬಲ್ಲನ್ನು ನನ್ನ ಗಂಡ ತೆಗೆಸಿಯಾಗಿತ್ತು. ಕಂಬಳ ಕಾಣಬೇಕಾದರೆ ಅಲ್ಲಿ ಒತ್ತಿ, ಇಲ್ಲಿ ಒತ್ತಿ, ಕಾದು, ಮತ್ತೆ ಒತ್ತಬೇಕು. ಅಷ್ಟರಲ್ಲಿ ಕರೆಂಟು ಹೋದರೆ ಪುನಃ ಶ್ರೀಕಾರದಿಂದ ಶುರು. ಅಮ್ಮ ಮೊದಮೊದಲು "ಒಮ್ಮೆ ಹಾಕಿ ಕೊಡು ಮಗಾ" ಎಂದು ಕೇಳುತ್ತಿದ್ದರು. ಒಬ್ಬರು "ಈಗ ಬಂದೆ" ಎನ್ನುವುದು, ಇನ್ನೊಬ್ಬರು "ಅವಳ ಹತ್ರ ಹೇಳಿ" ಎನ್ನುವುದು. ಆಮೇಲೆ ಅಮ್ಮ ಕೇಳುವುದನ್ನೇ ಬಿಟ್ಟರು.

ಒಂದು ಭಾನುವಾರ ಸಂಜೆ ಮಾವ ಬಂದಾಗ ಅಮ್ಮ ಆಫ್ ಮಾಡಿಟ್ಟ ಟಿವಿಯ ಎದುರು ಸುಮ್ಮನೆ ಕುಳಿತಿದ್ದರು.

"ಇವತ್ತು ಕಂಬಳ ಇಲ್ವಾ ಅಕ್ಕ?"

"ಉಂಟು."

"ಮತ್ತೆ ನೋಡುದಿಲ್ವಾ?"

"ಮಕ್ಕಳು ಓದ್ತಾ ಇದ್ದಾರೆ. ಅವರನ್ನು ಎಬ್ಬಿಸುದು ಎಂತಕ್ಕೆ? ನಂಗೆ ಅಷ್ಟೆಲ್ಲ ಬೇಕು ಅಂತ ಇಲ್ಲ."

ಮಾವ ಕೊಡೆಯನ್ನೂ ಇಳಿಸದೆ ನೇರ ಅಡುಗೆಮನೆಗೆ ಬಂದರು. "ಮಗಾ, ನನ್ನಕ್ಕ ಇಡೀ ಜನ್ಮದಲ್ಲಿ ಒಬ್ಬರ ಹತ್ರ ಒಂದು ಲೋಟ ನೀರು ಕೇಳಿದವಳಲ್ಲ. ಈಗ ಕೋಣ ಓಡುದು ನೋಡ್ಲಿಕ್ಕೆ ಕೇಳ್ಬೇಕಾ? ಅವಳು ಯಾರ ಹತ್ರವೂ ಕೇಳದೆ ನೋಡುವ ಹಾಗೆ ಎಂತಾದ್ರೂ ಮಾಡುವ."

ನನ್ನ ಗಂಡನಿಗೆ ಇಂಥದ್ದರಲ್ಲಿ ಮಹಾ ಉತ್ಸಾಹ. "ಅದೇನು ದೊಡ್ಡ ವಿಷಯ ಮಾವ? ಸ್ಟ್ರೀಮಿಂಗಿನ ಸಣ್ಣ ಪೆಟ್ಟಿಗೆ ಬರ್ತದೆ, ಟಿವಿಗೆ ಸಿಕ್ಕಿಸಿದ್ರೆ ಆಯ್ತು. ಈಗಲೇ ಮೊಬೈಲಲ್ಲಿ ಆರ್ಡರ್ ಮಾಡ್ತೇನೆ. ಸಾವಿರಾರು ಜನ ಒಳ್ಳೇದುಂಟು ಅಂತ ಬರ್ದಿದ್ದಾರೆ, ನೋಡಿ."

"ಅವರೆಲ್ಲ ಯಾರು? ನಿಮಗೆ ಗುರ್ತ ಉಂಟಾ?"

"ಗುರ್ತ ಹೇಗಿರ್ತದೆ ಮಾವ?"

"ಗುರ್ತ ಇಲ್ಲದವರ ಮಾತು ಕೇಳಿ ನಾನು ಇವಳನ್ನು ನಿಮಗೆ ಕೊಟ್ಟದ್ದಾ?"

ನನ್ನ ಗಂಡ ಮೊಬೈಲನ್ನು ಕಿಸೆಗೆ ಹಾಕಿದರು. ಆ ದಿನದಿಂದ ನಮ್ಮ ಟಿವಿಗೆ ಸಂಬಂಧ ನೋಡುವ ಕಾರ್ಯಕ್ರಮ ಶುರುವಾಯಿತು. ಸಾರಥಿ ನಾನು. ಹಿಂದಿನ ಸೀಟಿನಲ್ಲಿ ಅಮ್ಮ, ಯಾಕೆಂದರೆ ಮಾವನ ಲೆಕ್ಕದಲ್ಲಿ "ಹುಡುಗಿ ನೋಡದೆ ಸಂಬಂಧ ಒಪ್ಪುದು ಆ ಕಾಲದ ಕ್ರಮ ಮಾರಾಯ್ತಿ, ಈಗ ಹಾಗೆ ಮಾಡ್ಲಿಕ್ಕೆ ಇಲ್ಲ!"

ಮೊದಲು ಮೂಡುಬಿದಿರೆಯ ಒಂದು ಅಂಗಡಿ. ಅಲ್ಲಿಯ ಹುಡುಗಿ ಪಾಪ, ಬಾಯಿ ನೋಯುವಷ್ಟು ವಿವರಿಸಿದಳು. ಚಿತ್ರ ಎಷ್ಟು ಸ್ಪಷ್ಟ, ಒಳಗೆ ಜಾಗ ಎಷ್ಟು, ಸದ್ದು ಹೇಗೆ ಸುತ್ತ ತಿರುಗುತ್ತದೆ ಇತ್ಯಾದಿ. ಮಾವ ಎಲ್ಲ ಕೇಳಿ, "ಅದೆಲ್ಲ ಇರ್ಲಿ. ಕರೆಂಟು ಹೋಗಿ ಬಂದ್ರೆ ಇದು ಎಲ್ಲಿಂದ ಶುರು ಮಾಡ್ತದೆ?" ಎಂದರು. ಹುಡುಗಿ ಪೆಟ್ಟಿಗೆಯನ್ನು ತಿರುಗಿಸಿ ನೋಡಿದಳು. ಅದರ ಮೇಲೆ ಜಗತ್ತಿನ ಎಲ್ಲ ವಿಷಯ ಅಚ್ಚಾಗಿತ್ತು, ಅದೊಂದು ಬಿಟ್ಟು! "ನಮ್ಮಲ್ಲಿ ತಕೊಂಡವರೆಲ್ಲ ತುಂಬ ಖುಷಿಯಲ್ಲಿದ್ದಾರೆ ಸರ್" ಎಂದಳು. "ಖುಷಿಯಲ್ಲಿ ಇದ್ದವರು ಬೇಡ ಮಗಾ. ಬೈದುಕೊಂಡು ವಾಪಸು ಬಂದವರು ಯಾರಾದ್ರೂ ಇದ್ರೆ ಅವರ ಮನೆ ಎಲ್ಲಿ ಹೇಳು" ಎಂದರು ಮಾವ. ನಾನು ಫ್ಯಾನುಗಳ ವಿಭಾಗಕ್ಕೆ ಸರಿದು ನಿಂತೆ.

ಆಮೇಲೆ ವಾಮದಪದವಿನಲ್ಲಿ ದೂರದ ನೆಂಟರ ಮನೆ. ಅವರ ಟಿವಿಗೆ ಹೊಸ ಪೆಟ್ಟಿಗೆ ಬಂದು ವರ್ಷವಾಗಿತ್ತು. ನಮಗೆ ಬೆಲ್ಲ ನೀರು ಬಂತು, ಟಿವಿ ಹಾಕಿದರು. ತೆರೆಯ ತುಂಬ ಜಾಹೀರಾತು! ಸಾಬೂನು, ಕಾರು, ಯಾರೋ ಹೊಡೆದಾಡುವ ಸಿನಿಮಾ. ನೋಡಬೇಕಾದ್ದು ಎಲ್ಲೋ ಕೆಳಗೆ, ಮೂಲೆಯಲ್ಲಿ. ಮಾವ ನನ್ನ ಕಿವಿಯಲ್ಲಿ, "ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವ ಮೊದಲೇ ವ್ಯಾಪಾರ ಶುರು ಮಾಡುವ ಜಾತಿ. ಬೇಡ" ಎಂದರು. ಆದರೂ ಪರೀಕ್ಷೆ ಪೂರ್ತಿ ಆಗಬೇಕಲ್ಲ? ಸದ್ದಿಲ್ಲದೆ ಎದ್ದು ಹೋದರು. ಮರುಕ್ಷಣ ಇಡೀ ಮನೆ ಕತ್ತಲು. ಅಡುಗೆಮನೆಯಲ್ಲಿ ಗ್ರೈಂಡರು ಗಕ್ಕನೆ ನಿಂತಿತು.

"ಕರೆಂಟು ಹೋಯ್ತಾ?" ಒಳಗಿನಿಂದ ಮನೆಯಾಕೆಯ ಸ್ವರ.

"ಇಲ್ಲ ಇಲ್ಲ, ನಾನು ತೆಗ್ದದ್ದು!" ಮೇನ್ ಸ್ವಿಚ್ಚಿನ ಬುಡದಿಂದ ಮಾವನ ಸ್ವರ. "ನೀವು ಹೆದರ್ಬೇಡಿ, ಈಗ ಹಾಕ್ತೇನೆ."

ನಾಚಿಕೆಯಿಂದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಮ್ಮ ಮಾತ್ರ ಹಿಂದಿನಿಂದ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದರು. ಅವರು ಹಾಗೆ ನಕ್ಕದ್ದನ್ನು ಕಾಣದೆ ಎಷ್ಟು ಕಾಲವಾಗಿತ್ತು! ನನಗೆ ಆ ಕ್ಷಣಕ್ಕೆ ಮಾವನ ಮೇಲಿನ ಸಿಟ್ಟೆಲ್ಲ ಇಳಿದುಹೋಯಿತು. ಕರೆಂಟು ಬಂದಾಗ ಪೆಟ್ಟಿಗೆ ಮತ್ತೆ ಸಾಬೂನಿನಿಂದ ಶುರು ಮಾಡಿತು. ಸಂಬಂಧ ಅಲ್ಲಿಗೆ ಮುರಿಯಿತು.

ಮುಂಡಾಜೆಯಲ್ಲಿ ಮಾವನ ಹಳೆಯ ಸ್ನೇಹಿತರ ಮನೆಗೆ ಹೋದದ್ದು ಅವರ ಪೆಟ್ಟಿಗೆಯ ಒಂದು ಗುಣದ ಸುದ್ದಿ ಕೇಳಿ. ಅವರ ರಿಮೋಟಿಗೆ ಮಾತಿನಲ್ಲಿ ಹೇಳಿದರೆ ಸಾಕಂತೆ, ಕನ್ನಡವೂ ತಿಳಿಯುತ್ತದಂತೆ. ಸ್ನೇಹಿತರು ಗಂಭೀರವಾಗಿ "ಸುದ್ದಿ" ಎಂದರು, ಸುದ್ದಿ ಬಂತು. "ಭಜನೆ" ಎಂದರು, ಭಜನೆ ಬಂತು. ರಿಮೋಟು ಅಮ್ಮನ ಕೈಗೆ ಬಂತು. ಮನೆಯಲ್ಲಿ ನಾವು ತುಳುವಿನವರು. ಅಮ್ಮ ಕನ್ನಡ ಮಾತಾಡುವುದು ಬ್ಯಾಂಕಿನಲ್ಲಿ, ಡಾಕ್ಟರರ ಹತ್ತಿರ ಮಾತ್ರ. ಸೆರಗು ಸರಿಮಾಡಿಕೊಂಡು, ಅದೇ ಮರ್ಯಾದೆಯಲ್ಲಿ ನಿಧಾನಕ್ಕೆ ಹೇಳಿದರು: "ನಮಸ್ಕಾರ. ನಿಮಗೆ ತೊಂದರೆ ಇಲ್ಲದಿದ್ರೆ ಕಂಬಳ ಒಮ್ಮೆ ತೋರಿಸಬಹುದಾ? ಅವಸರ ಇಲ್ಲ."

ಯಂತ್ರ ಗುಂಡಗೆ ತಿರುಗಿತು, ತಿರುಗಿತು, ಏನೂ ಸಿಗಲಿಲ್ಲ ಎಂದಿತು. ಇನ್ನೊಮ್ಮೆ ಹೇಳಿದರು, ಇನ್ನಷ್ಟು ಮರ್ಯಾದೆಯಿಂದ. ಇನ್ನೊಮ್ಮೆ ಸಿಗಲಿಲ್ಲ. ಅಮ್ಮನ ಮುಖ ಸಣ್ಣಗಾಯಿತು.

"ಅಮ್ಮಾ, ನಮಸ್ಕಾರ ಎಲ್ಲ ಬೇಡ. ಬರೇ ಕಂಬಳ ಅಂತ ಹೇಳಿ" ಎಂದೆ ನಾನು.

ಮಾವ ಕೆಂಡವಾದರು. "ಯಾಕೆ? ನನ್ನಕ್ಕ ಗದ್ದೆ ಕೆಲಸದವರನ್ನೂ ಹಾಗೆ ಬರೇ ಬಾಯಲ್ಲಿ ಕರ್ದವಳಲ್ಲ. ಅವಳು ಯಾಕೆ ಕಲೀಬೇಕು? ಅದು ಕಲೀಲಿ!"

ಸ್ನೇಹಿತರು, "ಅದು ಮೆಷಿನ್ನು ಮಾರಾಯ್ರೆ" ಎಂದರು. "ಮೆಷಿನ್ನಾದ್ರೆ ಎಂತ? ನಮ್ಮ ಮನೆಗೆ ಬರ್ಲಿಕ್ಕೆ ಉಂಟಲ್ಲ?" ಎಂದು ಮಾವ ಕೊಡೆ ಎತ್ತಿಕೊಂಡರು. ನಿಜ ಹೇಳುತ್ತೇನೆ, ಆ ದಿನ ಮುಂಡಾಜೆಯಿಂದ ಕಾರು ಓಡಿಸುವಾಗ ನನಗೆ ಹೆಮ್ಮೆಯಿಂದ ಎದೆ ಉಬ್ಬಿತ್ತು. ಇಡೀ ಜಗತ್ತು ಮುದುಕರಿಗೆ "ಕಲಿಯಿರಿ, ಕಲಿಯಿರಿ" ಎಂದು ಪಾಠ ಹೇಳುತ್ತಿರುವಾಗ, ಯಂತ್ರಕ್ಕೇ ಪಾಠ ಹೇಳುವ ಒಬ್ಬ ಮಾವ ಎಷ್ಟು ಜನರಿಗಿದ್ದಾರೆ, ಹೇಳಿ?

ಹೀಗೆ ಕಂಡ ಕಂಡ ಮನೆಗಳ ಮೇನ್ ಸ್ವಿಚ್ಚು ತೆಗೆಯುತ್ತ, ಕಂಡ ಕಂಡ ರಿಮೋಟುಗಳ ಕುಲಗೋತ್ರ ಕೇಳುತ್ತ ಆ ವರ್ಷದ ಕಂಬಳಗಳು ಮುಗಿಯುತ್ತ ಬಂದವು. "ಮಾವ, ಹೀಗೆ ನೋಡ್ತಾ ಕೂತ್ರೆ ಕೋಣಗಳಿಗೇ ವಯಸ್ಸಾಗ್ತದೆ" ಎಂದು ನನ್ನ ಗಂಡ ಒಮ್ಮೆ ಗೊಣಗಿದರು. ಮಾವ ಅವರನ್ನು ಒಮ್ಮೆ ನೋಡಿದರು. "ನಿಮ್ಮನ್ನು ಒಪ್ಲಿಕ್ಕೂ ನನಗೆ ಇಷ್ಟೇ ಸಮಯ ಹಿಡಿದದ್ದು. ನಷ್ಟ ಎಂತ ಆಗಿದೆ?"

ಕಡೆಗೆ ಸಿಕ್ಕಿದ್ದೆಲ್ಲಿ? ನಮ್ಮದೇ ಪಾಣೆಮಂಗಳೂರಿನಲ್ಲಿ, ನಮ್ಮದೇ ಕಂಪೌಂಡಿನ ಆಚೆ! ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಹಾಗಾಯಿತು. ಪಕ್ಕದ ಮನೆಯ ಬ್ಯಾರಿ ಅಜ್ಜಿ ಅಮ್ಮನ ಓರಗೆಯವರು, ಗೋಡೆಯ ಆಚೀಚೆ ನಿಂತು ಮಾತಾಡುವ ಗೆಳತಿ. ಅವರಿಗೆ ಮಗ ಗಲ್ಫಿನಿಂದ ಒಂದು ಪೆಟ್ಟಿಗೆ ತಂದುಕೊಟ್ಟಿದ್ದ. ರಿಮೋಟಿನಲ್ಲಿ ನಾಲ್ಕೇ ನಾಲ್ಕು ದೊಡ್ಡ ಗುಂಡಿಗಳು. ಹಾಕಿದ ಕೂಡಲೇ, ನಿನ್ನೆ ನೋಡಿದ್ದು ಎದುರಿಗೇ. ಮಾವ ಮೇನ್ ಸ್ವಿಚ್ಚು ತೆಗೆದು ಹಾಕಿದರು, ಬಿಟ್ಟಲ್ಲಿಂದಲೇ ಓಡಿತು!

"ಇದರ ಮೇಲೆ ನಿಮ್ಮ ದೂರು ಎಂತ ಅಕ್ಕ? ಮುಚ್ಚಿಡದೆ ಹೇಳ್ಬೇಕು" ಎಂದು ಮಾವ ಅಜ್ಜಿಯನ್ನು ಕೇಳಿದರು.

ಅಜ್ಜಿ ಮೊಮ್ಮಕ್ಕಳ ಕೋಣೆಯ ಕಡೆ ನೋಡಿದರು. "ಒಂದುಂಟು. ಮೊದಲು ಹಾಕಿ ಕೊಡ್ಲಿಕ್ಕಾದ್ರೂ ಪುಳ್ಳಿಗಳು ನನ್ನ ಹತ್ರ ಬರ್ತಿದ್ರು. ಈಗ ಎಲ್ಲ ನಾನೇ ಹಾಕಿಕೊಳ್ತೇನಲ್ಲ? ಒಬ್ಬರೂ ಬರುದಿಲ್ಲ."

ಮಾವ ಅಮ್ಮನ ಕಡೆ ನೋಡಿ, ನನಗೆ ಇನ್ನೂ ನಂಬಲಾಗದ ಒಂದು ಮಾತು ಆಡಿದರು. "ಅಕ್ಕ, ನಾನು ನಿಮಗೆ ಇಂಥದ್ದೇ ಹೊಸದು ತಂದು ಕೊಡ್ತೇನೆ. ಈ ಹಳೆದನ್ನು ನಮಗೆ ಕೊಡಿ."

"ಯಾ ಅಲ್ಲಾ! ಹೊಸದು ಕೊಟ್ಟು ಹಳೆದು ಕೇಳುವವರನ್ನು ನಾನು ಈಗ ನೋಡುದು!"

"ಹೊಸದರ ಗುಣ ಯಾರಿಗೆ ಗೊತ್ತುಂಟು? ಇದು ನಿಮ್ಮಲ್ಲಿ ಎರಡು ಮಳೆಗಾಲ ಬಾಳಿ ತೋರಿಸಿದೆ."

ಹೀಗೆ ನಮ್ಮ ಟಿವಿಗೆ ಪೆಟ್ಟಿಗೆ ಬಂತು. ಬಂತು ಅಂದರೆ ಆಚೆಮನೆಯ ಸಂಸಾರ ಸಮೇತ ಬಂತು! ಹಾಕಿದ ಕೂಡಲೇ ತೆರೆಯ ಮೇಲೆ ಅಕ್ಕಿರೊಟ್ಟಿಯಂಥ ಪತ್ತಿರಿ ತಟ್ಟುವ ವಿಧಾನ, ಗಲ್ಫಿನ ಸುದ್ದಿ, ಗಂಟುನೋವಿಗೆ ಮನೆಮದ್ದು. ಅಜ್ಜಿಯ ಖಾತೆಯೂ ಅದರೊಳಗೇ ಉಳಿದಿತ್ತು. ನನ್ನ ಗಂಡ ಅಳಿಸಲು ಹೊರಟಾಗ ಅಮ್ಮ ತಡೆದರು. "ಇರ್ಲಿ. ಅವಳು ಎಂತ ನೋಡ್ತಾಳೆ ಅಂತ ನಂಗೂ ಗೊತ್ತಾಗ್ತದಲ್ಲ." ಅತ್ತ ಅಜ್ಜಿಯ ಹೊಸ ಪೆಟ್ಟಿಗೆಗೂ ಅದೇ ಖಾತೆ ಹಾಕಿದ್ದರಿಂದ ಅವರ ತೆರೆಗೆ ಕೋಣಗಳು ನುಗ್ಗಿದವು. ಈಗ ಕಂಪೌಂಡಿನ ಗೋಡೆಯ ಬಳಿ ಹೋಗಿ ಕೇಳಬೇಕು! ಅಮ್ಮ ಪತ್ತಿರಿಗೆ ಹಿಟ್ಟು ಕಲಸುವ ಹದ ವಿಚಾರಿಸುತ್ತಾರೆ. ಅಜ್ಜಿ, "ನಿಮ್ಮ ಆ ಎಡಗಡೆಯ ಕೋಣ ಪಾಪ, ನಿನ್ನೆ ಸೋತದ್ದು ಓಡಿಸುವವನ ತಪ್ಪು" ಎಂದು ತೀರ್ಪು ಕೊಡುತ್ತಾರೆ. ಪುಳ್ಳಿಗಳು ಬಾರದಿದ್ದರೂ ಅಜ್ಜಿಗೆ ಈಗ ಪುರುಸೊತ್ತಿಲ್ಲ.

ಕಳೆದ ಭಾನುವಾರ ಮಾವ ಬಂದರು. ಅಮ್ಮ ಟಿವಿ ಹಾಕಿಕೊಂಡು ಕುಳಿತಿದ್ದರು. ಮಕ್ಕಳು ಕೋಣೆಯಲ್ಲಿ ಓದುತ್ತಿದ್ದರು, ನಾನು ಬಟ್ಟೆ ಮಡಚುತ್ತಿದ್ದೆ. ಯಾರೂ ಯಾರನ್ನೂ ಏನೂ ಕೇಳಿರಲಿಲ್ಲ. ಅಮ್ಮ ಸೋಫಾದ ಮೇಲೆ ಸ್ವಲ್ಪ ಸರಿದು ತಮ್ಮನಿಗೆ ಜಾಗ ಮಾಡಿಕೊಟ್ಟು, ಕೋಣಗಳ ಓಟವನ್ನು ತಾವೇ ನಿಲ್ಲಿಸಿದರು.

"ಬಾ, ಕೂತ್ಕೋ. ನಿಂಗೆ ಎಂತ ನೋಡ್ಬೇಕು ಹೇಳು ತಮ್ಮ. ನಾನು ಹಾಕಿ ಕೊಡ್ತೇನೆ."

ಮೂರು ತಾಲೂಕಿನ ಟಿವಿಗಳಲ್ಲಿ ಕುಂದು ಹುಡುಕಿದ ನನ್ನ ಮಾವ ಕೊಡೆಯನ್ನು ಗೋಡೆಗೆ ಒರಗಿಸಿದರು. ಅಕ್ಕನ ಪಕ್ಕ ಮೆಲ್ಲಗೆ ಕುಳಿತು ಹೇಳಿದರು:

"ನೀನು ಎಂತ ಹಾಕಿದ್ರೂ ಆಗ್ತದೆ ಅಕ್ಕ."